ಟರ್ಬೋ ಕಾರಿನ ಇಂಟರ್‌ಕೂಲರ್ ಕೊಳವೆಗಳು: ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿ ರಜೆ ಬಂದೊಡನೆ ಸ್ವಂತ ಕಾರಿನಲ್ಲಿಯೇ ಊರಿಗೆ ಹೊರಡುವ ರೂಢಿ ಬೆಳೆದಿದೆ. ಮುಂಬಯಿಯಿಂದ ಹೊರಟವರು ಖಂಡಾಳ, ಖಂಬಾಟ್ಕಿ ಘಾಟಿಗಳನ್ನು ಏರಿ, ಕರಾವಳಿಯವರಾದರೆ ಮುಂದೆ ಸಹ್ಯಾದ್ರಿಯ ಇನ್ನೊಂದು ಘಟ್ಟವನ್ನೂ ಇಳಿಯಬೇಕು. ಜನ, ಸಾಮಾನು ತುಂಬಿದ ಕಾರು ಏರಿನಲ್ಲಿ ಸೊರಗಿ ಕಪ್ಪು ಹೊಗೆ ಉಗುಳಿದರೆ ಟರ್ಬೋಚಾರ್ಜರ್ ಕೆಟ್ಟಿತೆಂದೇ ಅನೇಕರು ಗಾಬರಿಯಾಗುತ್ತಾರೆ. ಅದರ ಬದಲಾವಣೆಗೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ. ಆದರೆ ಎಷ್ಟೋ ಸಲ ದೋಷವಿರುವುದು ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆಯಲ್ಲಿ. ಅಂತಹ ಕೊಳವೆಗಳ ಬದಲಿಗೆ ಹೆಚ್ಚು ಬಾಳಿಕೆಯವನ್ನು ಮನೆಯಲ್ಲಿಯೇ ಜೋಡಿಸುವ ಬಗೆಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಕೊಳವೆಗಳ ಕೆಲಸ

ಎಂಜಿನ್ನಿನ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಟರ್ಬೋಚಾರ್ಜರಿನ ಮೂಲತತ್ತ್ವ ಇಂದಿಗೂ ಅದೇ. ಸೈಕಲ್ ಪಂಪು ಒತ್ತುವಾಗ ಅದರ ತುದಿ ಬಿಸಿಯಾಗುವಂತೆ, ಒತ್ತಿದ ಗಾಳಿ ಬಿಸಿಯೇರುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ಒತ್ತಡ ಇಮ್ಮಡಿಯಾದರೆ, ಟರ್ಬೋದಿಂದ ಹೊರಬರುವಾಗ ಶಾಖ 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ.

ಬಿಸಿಗಾಳಿ ಹಗುರ, ಅದರಲ್ಲಿ ಆಮ್ಲಜನಕ ಕಡಿಮೆ. ಆದುದರಿಂದ ಅದನ್ನು ರೇಡಿಯೇಟರಿನಂತಹ ಇಂಟರ್‌ಕೂಲರಿನ ಮೂಲಕ ಹಾಯಿಸಲಾಗುತ್ತದೆ. 120 ಡಿಗ್ರಿಯ ಗಾಳಿ 50 ಡಿಗ್ರಿಗೆ ಇಳಿದರೆ, ಅದೇ ಒತ್ತಡದಲ್ಲಿ ಅದರ ಸಾಂದ್ರತೆ ಶೇಕಡಾ 20ಕ್ಕೂ ಹೆಚ್ಚುತ್ತದೆ. ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವುದು ಬಿಸಿ ಬದಿಯ ಕೊಳವೆ. ಅಲ್ಲಿಂದ ಎಂಜಿನ್ನಿಗೆ ಬರುವುದು ತಂಪು ಬದಿಯ ಕೊಳವೆ.

ಕೆಡುವುದೇಕೆ, ತಿಳಿಯುವುದು ಹೇಗೆ

ಈ ಕೊಳವೆಗಳಿಗೆ ಶಾಖ, ಒತ್ತಡ, ಎಂಜಿನ್ನಿನ ಅಲುಗಾಟ ಮತ್ತು ಎಣ್ಣೆ ಎಂಬ ನಾಲ್ಕು ಶತ್ರುಗಳು. ಎಂಜಿನ್ನಿನ ಒಳಗಿನ ಆವಿಯನ್ನು ಟರ್ಬೋದ ಬಾಯಿಗೆ ಮರಳಿಸುವ ವ್ಯವಸ್ಥೆಯಿರುವುದರಿಂದ ಅದರೊಡನೆ ಎಣ್ಣೆಯ ಹನಿಗಳೂ ಬರುತ್ತವೆ. ಕಾಲಕ್ರಮದಲ್ಲಿ ರಬ್ಬರ್ ಮೆತ್ತಗಾಗಿ ಉಬ್ಬುತ್ತದೆ, ಬಾಗಿದ ಕಡೆ ಸೀಳುತ್ತದೆ.

ವೇಗ ಹೆಚ್ಚಿಸುವಾಗ ಬುಸ್ಸೆಂಬ ಸದ್ದು, ಏರಿನಲ್ಲಿ ಶಕ್ತಿಹೀನತೆ, ಕೊಳವೆಯ ಸಂದುಗಳಲ್ಲಿ ಎಣ್ಣೆಯ ಪಸೆ, ಇವು ಲಕ್ಷಣಗಳು. ಡೀಸೆಲ್ ಕಾರಿನಲ್ಲಿ ಅಳೆದು ಒಳತೆಗೆದುಕೊಂಡ ಗಾಳಿ ನಡುವೆಯೇ ಸೋರಿಹೋಗುವುದರಿಂದ ಇಂಧನ ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ. ಸ್ಕ್ಯಾನರ್ ಹಚ್ಚಿ ನೋಡಿದಾಗ ಪಿ0299 ಎಂಬ ಸಂಕೇತ ಕಂಡರೆ ಟರ್ಬೋ ಒತ್ತಡ ಸಾಲದೆಂದು ಅರ್ಥ. ಟರ್ಬೋವನ್ನು ದೂರುವ ಮೊದಲು ಕೊಳವೆಗಳನ್ನು ಪರೀಕ್ಷಿಸಬೇಕು.

ಕೊಳ್ಳುವಾಗ ಗಮನಿಸಬೇಕಾದವು

ರಬ್ಬರಿಗೆ ಬದಲಾಗಿ ಇಂದು ಸಿಲಿಕೋನ್ ಕೊಳವೆಗಳು ಬಳಕೆಯಲ್ಲಿವೆ. ನೂಲಿನ ಹಲವು ಪದರಗಳಿರುವ ಒಳ್ಳೆಯ ಸಿಲಿಕೋನ್ ಕೊಳವೆ ಸುಮಾರು 170 ಡಿಗ್ರಿ ಶಾಖವನ್ನು ತಾಳುತ್ತದೆ. ಆದರೆ ಸಾದಾ ಸಿಲಿಕೋನಿಗೆ ಎಣ್ಣೆ ಆಗದು. ದಿನಕಳೆದಂತೆ ಎಣ್ಣೆ ಅದರ ಮೂಲಕ ಬೆವರಿನಂತೆ ಹೊರಬರುತ್ತದೆ. ಆದಕಾರಣ ಒಳಮೈಗೆ ಫ್ಲೋರೋಸಿಲಿಕೋನ್ ಪದರವಿರುವ ಕೊಳವೆಯನ್ನೇ ಕೇಳಿ ಪಡೆಯಬೇಕು. ಬಿಸಿ ಬದಿಗಂತೂ ಇದು ಅಗತ್ಯ. ಹೊಳೆಯುವ ನೀಲಿ, ಕೆಂಪು ಬಣ್ಣ ಗುಣಮಟ್ಟದ ಗುರುತಲ್ಲ.

ಕೊಳವೆಯ ಅಳತೆಯೆಂದರೆ ಅದರ ಒಳವ್ಯಾಸ. ಅದು ಲೋಹದ ಮೂತಿಯ ಹೊರವ್ಯಾಸಕ್ಕೆ ಸರಿಹೊಂದಬೇಕು. ದೊಡ್ಡ ಕೊಳವೆ ಹಾಕಿದರೆ ಶಕ್ತಿ ಹೆಚ್ಚುತ್ತದೆಂಬುದು ತಪ್ಪು ಕಲ್ಪನೆ. ತುಂಬಬೇಕಾದ ಗಾಳಿಯ ಗಾತ್ರ ಹೆಚ್ಚಿ ಟರ್ಬೋ ಸ್ಪಂದಿಸುವುದು ತಡವಾಗುತ್ತದೆ. ಎಂಜಿನ್ ಅಲುಗುವುದರಿಂದ ಇಡೀ ದಾರಿಯನ್ನು ಗಟ್ಟಿ ಅಲ್ಯುಮಿನಿಯಂ ಪೈಪಿನಿಂದ ಜೋಡಿಸುವುದೂ ಸಲ್ಲದು.

ಕ್ಲಾಂಪುಗಳ ವಿಷಯದಲ್ಲಿ ಜಿಪುಣತನ ಬೇಡ. ಪಟ್ಟಿಯಲ್ಲಿ ಸೀಳುಗಳಿರುವ ಸಾಧಾರಣ ಸ್ಕ್ರೂ ಕ್ಲಾಂಪು ಮೃದುವಾದ ಸಿಲಿಕೋನನ್ನು ಕತ್ತರಿಸುತ್ತದೆ. ಒಳಪಟ್ಟಿಯಿರುವ ಕ್ಲಾಂಪು ಅಥವಾ ಟಿ-ಬೋಲ್ಟ್ ಕ್ಲಾಂಪು ಉತ್ತಮ. ಮುಂಬಯಿಯ ಕುರ್ಲಾ ಸಿ.ಎಸ್.ಟಿ. ರಸ್ತೆ, ಪುಣೆಯ ನಾನಾ ಪೇಟೆ, ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈಯ ಪುದುಪೇಟೆ, ಸಿಕಂದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆ ವಾಹನ ಬಿಡಿಭಾಗಗಳ ಹೆಸರಾಂತ ಪೇಟೆಗಳು. ಹೋಗುವಾಗ ಹಳೆಯ ಕೊಳವೆಯ ಅಳತೆ ಮತ್ತು ಬಾಗಿನ ಚಿತ್ರ ಜೊತೆಯಲ್ಲಿರಲಿ.

ಬದಲಾಯಿಸುವ ಕ್ರಮ

1. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣಿಯಲು ಬಿಡಬೇಕು. ಚಕ್ರಗಳಿಗೆ ತಡೆ ಇಡಬೇಕು. ಕೆಳಗಿನಿಂದ ಕೆಲಸ ಮಾಡುವುದಾದರೆ ಜ್ಯಾಕಿನ ಆಸರೆ ಸಾಲದು; ಗಟ್ಟಿಮುಟ್ಟಾದ ಸ್ಟ್ಯಾಂಡ್ ಕೊಡದೆ ಕಾರಿನಡಿ ನುಸುಳಲೇಬಾರದು.

2. ಬಿಚ್ಚುವ ಮೊದಲು ಎಲ್ಲ ಕೋನಗಳಿಂದ ಚಿತ್ರ ತೆಗೆದುಕೊಳ್ಳಬೇಕು. ಕೊಳವೆಯ ಮೇಲೆ ಸೆನ್ಸರ್ ಇದ್ದರೆ ಅದರ ಚಿಲಕ ಒತ್ತಿ ವೈರನ್ನು ಮೆಲ್ಲನೆ ಬಿಡಿಸಬೇಕು.

3. ಹಳೆಯ ಕೊಳವೆ ಅಂಟಿಕೊಂಡಿದ್ದರೆ ಎಳೆಯದೆ ತಿರುಚಿ ಬಿಡಿಸಬೇಕು. ಇಂಟರ್‌ಕೂಲರಿನ ಮೂತಿ ಪ್ಲಾಸ್ಟಿಕ್ಕಿನದಾಗಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬಾರದು.

4. ತೆರೆದ ಮೂತಿಗಳನ್ನು ಒಡನೆಯೇ ಶುಭ್ರವಾದ ಬಟ್ಟೆಯಿಂದ ಮುಚ್ಚಿ, ಎಷ್ಟು ಬಟ್ಟೆ ಇಟ್ಟೆವೆಂದು ಬರೆದಿಡಬೇಕು. ಒಳಗುಳಿದ ಒಂದು ನಟ್ಟು ಎಂಜಿನ್ನನ್ನೇ ಹಾಳುಮಾಡಬಲ್ಲದು.

5. ಇಂಟರ್‌ಕೂಲರಿನಲ್ಲಿ ಎಣ್ಣೆ ನಿಂತಿದ್ದರೆ ಬಸಿದು ತೆಗೆಯಬೇಕು. ಡೀಸೆಲ್ ಎಂಜಿನ್ ಈ ಎಣ್ಣೆಯನ್ನೇ ಇಂಧನವಾಗಿ ಹೀರತೊಡಗಿದರೆ ಕೀಲಿ ತೆಗೆದರೂ ನಿಲ್ಲದೆ ವೇಗವೇರಿಸಿಕೊಂಡು ಓಡುವ ಅಪಾಯವಿದೆ. ಬಹಳ ಎಣ್ಣೆ ಕಂಡರೆ ಕೆಲಸ ನಿಲ್ಲಿಸಿ, ಟರ್ಬೋವನ್ನು ಬಲ್ಲವರಿಗೆ ತೋರಿಸಬೇಕು.

6. ಮೂತಿಗಳನ್ನು ಎಣ್ಣೆಯ ಜಿಡ್ಡಿಲ್ಲದಂತೆ ಒರೆಸಬೇಕು. ಹೊಸ ಕೊಳವೆ ಏರಲು ಗ್ರೀಸ್ ಹಚ್ಚಬಾರದು. ಹಚ್ಚಿದರೆ ಒತ್ತಡ ಬಂದಾಗ ಜಾರಿ ಕಳಚುತ್ತದೆ. ತುಸು ಸೋಪಿನ ನೀರು ಸಾಕು, ಅದು ಒಣಗಿಹೋಗುತ್ತದೆ.

7. ಮೂತಿಯ ತುದಿಯಲ್ಲಿ ಉಬ್ಬಿದ ಏಣು ಇರುತ್ತದೆ. ಕೊಳವೆ ಅದನ್ನು ದಾಟಿ ಪೂರ್ತಿ ಏರಬೇಕು. ಕ್ಲಾಂಪು ಆ ಏಣಿನ ಹಿಂದೆ ಕೂರಬೇಕು, ಮೇಲೆ ಅಲ್ಲ. ತಯಾರಕರು ಸೂಚಿಸಿದಷ್ಟೇ ಬಿಗಿಯಬೇಕು. ಕೊಳವೆ ಬೆಲ್ಟಿಗೆ, ಫ್ಯಾನಿಗೆ, ಹೊಗೆಪೈಪಿಗೆ ತಾಗದಿರಲಿ.

ಪರೀಕ್ಷೆ

ಎಂಜಿನ್ ಚಾಲೂ ಮಾಡಿ, ಬೆಲ್ಟು ಫ್ಯಾನುಗಳಿಂದ ಕೈ ದೂರವಿಟ್ಟು, ಸಂದುಗಳಲ್ಲಿ ಸದ್ದು ಬರುತ್ತಿದೆಯೇ ಎಂದು ಆಲಿಸಬೇಕು. ಸಣ್ಣ ಸೋರಿಕೆ ನಿಂತ ಕಾರಿನಲ್ಲಿ ತಿಳಿಯದು. ಗ್ಯಾರೇಜಿನಲ್ಲಿ ಹೊಗೆ ಹಾಯಿಸಿ ಅಥವಾ ಮಿತವಾದ ಗಾಳಿ ತುಂಬಿ ನೋಡಿಸುವುದು ಕ್ಷೇಮ. ಮನೆಯ ಪಂಪಿನಿಂದ ಅಂದಾಜಿಗೆ ಗಾಳಿ ತುಂಬಿದರೆ ಮುಚ್ಚಳ ಸಿಡಿದು ಮುಖಕ್ಕೆ ಬಡಿಯಬಹುದು, ಎಂಜಿನ್ನಿನ ಸೀಲುಗಳೂ ಕೆಡಬಹುದು. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ತಣಿದಾಗ, ಕ್ಲಾಂಪುಗಳನ್ನು ಮತ್ತೊಮ್ಮೆ ನೋಡಬೇಕು. ಸಿಲಿಕೋನ್ ಕುಗ್ಗಿ ಅವು ಸಡಿಲಗೊಂಡಿರುವುದುಂಟು.

ಕಾನೂನಿನ ಮಾತು

ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ಅಳತೆಯ ಕೊಳವೆ ಹಾಕುವುದರಿಂದ ಆ ವಿವರಗಳೇನೂ ಬದಲಾಗವು. ಟರ್ಬೋ ಒತ್ತಡವನ್ನೇ ಹೆಚ್ಚಿಸುವ ಮಾರ್ಪಾಡು ಬೇರೆಯೇ ವಿಷಯ. ಅದನ್ನು ನಾವು ಸಲಹೆ ಮಾಡುವುದಿಲ್ಲ. ವಾರಂಟಿ ಇನ್ನೂ ಉಳಿದಿರುವ ಕಾರಾದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮೂಲ ಕೊಳವೆಯನ್ನೇ ಹಾಕಿಸುವುದು ಲೇಸು. ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಕೆಲಸ ಮಾಡುವವರು ಮುಂಚಿತವಾಗಿ ಅನುಮತಿ ಪಡೆದು, ಬಸಿದ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಬೇಕು.

ಊರಿಗೆ ಹೊರಡುವ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕದೆ, ಎರಡು ವಾರ ಮೊದಲೇ ಮುಗಿಸಿ, ನಗರದೊಳಗೆ ಓಡಿಸಿ ನೋಡಿಕೊಳ್ಳುವುದು ಒಳಿತು. ಘಟ್ಟದ ನಡುವೆ ಕೊಳವೆ ಕಳಚಿದರೆ ಹಿಂದೆ ಲಾರಿಗಳ ಸಾಲು, ಒಳಗೆ ಮಕ್ಕಳು, ವೃದ್ಧರು. ಅಂತಹ ಪ್ರಸಂಗ ಬಾರದಿರಲೆಂಬುದೇ ಈ ಮಾಹಿತಿಯ ಉದ್ದೇಶ.