ಶ್ವೇತಭವನದಲ್ಲಿ ಬಟ್ಟೆ ಒಣಹಾಕಿದ ಕಥೆ

ಹೊಸ ಮನೆಗೆ ಬಂದು ಎರಡು ವಾರ ಆಯ್ತು. ಹಾಲು ಉಕ್ಕಿಸಿದ್ದಾಯ್ತು, ಬಾಗಿಲಿನ ತೋರಣ ಒಣಗಿದ್ದೂ ಆಯ್ತು, ಬಾಲ್ಕನಿಗೆ ಗ್ರಿಲ್ ಹಾಕುವವನು ಮಾತ್ರ ಇನ್ನೂ ಬಂದಿಲ್ಲ. ಹೊರಗೆ ಜಿಟಿಜಿಟಿ ಮಳೆ. ಹಾಗಾಗಿ ನೆಂಟರಿಷ್ಟರು ಬಂದರೆ ಕೂರಿಸಬೇಕು ಅಂದುಕೊಂಡಿದ್ದ ಹಾಲ್‌ನಲ್ಲೇ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದೇನೆ. ಈ ಸಲದ ದೀಪಾವಳಿಗೆ ಎಲ್ಲರನ್ನೂ ಊಟಕ್ಕೆ ಕರೆದಿರುವವಳೂ ನಾನೇ! ಮೊನ್ನೆ ಊರಿನಿಂದ ಅತ್ತೆ ಫೋನ್ ಮಾಡಿ "ಮನೆ ಹೇಗಿದೆಯಮ್ಮಾ?" ಅಂದರು. "ತುಂಬಾ ಚೆನ್ನಾಗಿದೆ ಅತ್ತೆ, ಒಳ್ಳೇ ಗಾಳಿ ಬೆಳಕು" ಅಂದೆ. ಸುಳ್ಳೇನಲ್ಲ ಬಿಡಿ. ಗ್ರಿಲ್ಲೇ ಇಲ್ಲದ ಮೇಲೆ ಗಾಳಿಗೇನು ಬರ?

ಫೋನ್ ಇಟ್ಟ ಮೇಲೆ ನೆನಪಾದವಳು ಅಬಿಗೇಲ್ ಆಡಮ್ಸ್. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್‌ನ ಹೆಂಡತಿ. ನಾವಿವತ್ತು ಶ್ವೇತಭವನ ಅಂತ ಕರೆಯುವ ಮನೆಗೆ ಮೊಟ್ಟಮೊದಲು ಒಕ್ಕಲು ಬಂದ ಗೃಹಿಣಿ. ನಾನು ಅತ್ತೆಗೆ ಹೇಳಿದ ಮಾತನ್ನೇ ಅವಳು ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಹೇಳಿದ್ದಳು. ಅದಕ್ಕೇ ಈ ಪೋಸ್ಟು.

ಆ ಮನೆಗೆ ಅಡಿಗಲ್ಲು ಬಿದ್ದದ್ದು 1792ರ ಅಕ್ಟೋಬರ್ 13ರಂದು. ನಕ್ಷೆ ಐರ್ಲೆಂಡಿನಿಂದ ಬಂದು ನೆಲೆಸಿದ್ದ ಜೇಮ್ಸ್ ಹೋಬನ್‌ನದು. ಮನೆ ಎಲ್ಲಿ ಕಟ್ಟಬೇಕು, ಯಾವ ನಕ್ಷೆ ಆಗಬೇಕು ಅಂತೆಲ್ಲ ಮುತುವರ್ಜಿ ವಹಿಸಿದ ಜಾರ್ಜ್ ವಾಷಿಂಗ್ಟನ್ ಅದರಲ್ಲಿ ಒಂದು ದಿನವೂ ವಾಸ ಮಾಡಲಿಲ್ಲ. 1799ರ ಡಿಸೆಂಬರಿನಲ್ಲಿ ತೀರಿಕೊಂಡ. ಮರುವರ್ಷ ರಾಜಧಾನಿ ಫಿಲಡೆಲ್ಫಿಯಾದಿಂದ ಹೊಸ ಊರಿಗೆ ವರ್ಗವಾಯಿತು. ಊರು ಅಂದರೆ ಏನು, ಕಾಡು, ಕೆಸರು, ನಡುನಡುವೆ ಒಂದೊಂದು ಕಟ್ಟಡ. 1800ರ ನವೆಂಬರ್ 1ರಂದು ಜಾನ್ ಆಡಮ್ಸ್ ಒಬ್ಬನೇ ಬಂದು ಆ ಮನೆ ಸೇರಿಕೊಂಡ. ಎಂಟು ವರ್ಷ ಕಟ್ಟಿದರೂ ಮುಗಿದಿರಲಿಲ್ಲ. (ಮನೆ ಕಟ್ಟಿ ನೋಡು ಅನ್ನುವ ಗಾದೆ ಅಧ್ಯಕ್ಷರಿಗೂ ಅನ್ವಯ!) ಮರುದಿನ ಹೆಂಡತಿಗೆ ಬರೆದ ಕಾಗದದಲ್ಲಿ, ಈ ಮನೆಗೂ ಮುಂದೆ ಇಲ್ಲಿ ಬಾಳುವವರಿಗೂ ಒಳ್ಳೆಯದಾಗಲಿ, ಪ್ರಾಮಾಣಿಕರೂ ವಿವೇಕಿಗಳೂ ಮಾತ್ರ ಈ ಸೂರಿನಡಿ ಆಳಲಿ ಅಂತ ಹಾರೈಸಿದ. ಆ ಹಾರೈಕೆಯನ್ನು 1945ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಲ್ಲಿನ ದೊಡ್ಡ ಊಟದ ಮನೆಯ ಬೆಂಕಿಗೂಡಿನ ಮೇಲೆ ಕೆತ್ತಿಸಿದ.

ಗಂಡನ ಕಾಗದ ಹೀಗೆ. ಹೆಂಡತಿಯದು ಬೇರೆ ಥರ.

ಅಬಿಗೇಲ್ ಬಂದದ್ದು ಎರಡು ವಾರ ತಡವಾಗಿ. ಬಾಲ್ಟಿಮೋರ್ ಬಿಟ್ಟ ಮೇಲೆ ಕಾಡಿನಲ್ಲಿ ದಾರಿ ತಪ್ಪಿ, ಎಂಟೊಂಬತ್ತು ಮೈಲಿ ಅಡ್ಡದಾರಿ ಹಿಡಿದು, ಎರಡು ಗಂಟೆ ಸುತ್ತಿದ್ದಾಳೆ. ಕೊನೆಗೆ ಎದುರಿಗೆ ಸಿಕ್ಕ ಒಬ್ಬ ಕಪ್ಪು ಮನುಷ್ಯ ದಾರಿ ತೋರಿಸಿ ಮುಂದೆ ಸಾಗಿಸಿದ. ಅವನ ಹೆಸರನ್ನು ಅವಳು ಬರೆದಿಲ್ಲ. ನವೆಂಬರ್ 21ರಂದು, ತನ್ನ ಐವತ್ತಾರನೇ ಹುಟ್ಟುಹಬ್ಬದ ಹಿಂದಿನ ದಿನ, ಮಗಳು ನ್ಯಾಬಿಗೆ ಬರೆದ ಕಾಗದ ಓದಿದರೆ ಹೊಸ ಮನೆಗೆ ಹೋದ ಯಾವ ಹೆಂಗಸಿಗೂ ನಗುವೂ ಬರುತ್ತೆ, ಕರುಳೂ ಚುರುಕ್ ಅನ್ನುತ್ತೆ.

ಮನೆಯೇನೋ ಅರಮನೆಯಂಥದ್ದು. ನೋಡಿಕೊಳ್ಳಲು ಮೂವತ್ತು ಆಳಾದರೂ ಬೇಕು. ಆಳನ್ನು ಕರೆಯೋಣ ಅಂದರೆ ಮನೆಯಲ್ಲೆಲ್ಲೂ ಗಂಟೆಯೇ ಇಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಗಂಟೆಯಿಲ್ಲದಿದ್ದರೆ ಕೂಗಿ ಕೂಗಿ ಗಂಟಲು ಹರಿಯಬೇಕಷ್ಟೆ. ಆಗ ಆಳುಕಾಳಿನ ಸಂಬಳ ಅಧ್ಯಕ್ಷನ ಜೇಬಿನಿಂದಲೇ ಹೋಗಬೇಕಿತ್ತು ಅನ್ನೋದೂ ನೆನಪಿರಲಿ. ಮುಖ್ಯ ಮೆಟ್ಟಿಲು ಇನ್ನೂ ಹಾಕಿಲ್ಲ, ಈ ಚಳಿಗಾಲದಲ್ಲಿ ಹಾಕುವುದೂ ಇಲ್ಲ. ಹೊರಗೆ ಬೇಲಿಯಿಲ್ಲ, ಅಂಗಳವಿಲ್ಲ. ಪೂರ್ತಿ ಮುಗಿದ ಕೋಣೆ ಒಂದೂ ಇಲ್ಲ, ವಾಸಕ್ಕೆ ಒಂದು ಮಟ್ಟಕ್ಕೆ ಬಂದಿರುವುದು ಆರು ಮಾತ್ರ. ಗೋಡೆ ಹಸಿ, ಅದಕ್ಕೇ ಎಲ್ಲ ಕಡೆ ಬೆಂಕಿ ಉರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಚಳಿಜ್ವರ ಗ್ಯಾರಂಟಿ. ಸೌದೆಗೇನು ಬರ ಅಂತೀರಾ? ಸುತ್ತ ಕಾಡೇ ಕಾಡು, ಆದರೆ ಕಡಿದು ಗಾಡಿಗೆ ಹೇರಿ ತರಲು ಜನ ಸಿಗುತ್ತಿಲ್ಲ. ಒಬ್ಬನಿಗೆ ಗುತ್ತಿಗೆ ಕೊಟ್ಟರೆ ಅವನು ತಂದು ಹಾಕಿದ್ದು ಸ್ವಲ್ಪ. ಅದರಲ್ಲೂ ಹೆಚ್ಚಿನದು ಇವರು ಬರುವ ಮೊದಲೇ ಗೋಡೆ ಒಣಗಿಸುವುದಕ್ಕೆ ಖರ್ಚಾಗಿತ್ತು.

ಸಾಮಾನು ಸಾಗಿಸುವಾಗ ಎಷ್ಟೋ ಕಳುವಾಗಿದೆ, ಎಷ್ಟೋ ಒಡೆದಿದೆ. ಅವಳ ಪಿಂಗಾಣಿ ಟೀ ಸೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಣೆ. ಇಷ್ಟೆಲ್ಲದರ ನಡುವೆ ಊರಿನ ಹೆಂಗಸರಿಗೆ ಅಧ್ಯಕ್ಷರ ಮನೆಯ ಸತ್ಕಾರಕೂಟ ಯಾವಾಗ ಅನ್ನುವ ಅವಸರ! ಮಹಡಿಯ ಮೇಲೆ ಒಂದು ಅಂಡಾಕಾರದ ಕೋಣೆ. ಅಲ್ಲಿ ಕಡುಗೆಂಪು ಪೀಠೋಪಕರಣಗಳನ್ನು ಜೋಡಿಸಿದ್ದಾಳೆ. ಈಗಲೇ ಚೆಂದ ಇದೆ, ಮುಗಿದ ಮೇಲೆ ಇನ್ನೂ ಚೆಂದ ಆಗುತ್ತೆ ಅನ್ನುತ್ತಾಳೆ. ಕೆಳಗೆ ಮಹಾ ದರ್ಬಾರಿಗೆಂದು ಕಟ್ಟಿಸಿ ಅರ್ಧಕ್ಕೆ ನಿಂತಿದ್ದ ದೊಡ್ಡ ಕೋಣೆ ಇತ್ತಲ್ಲ, ಇವತ್ತಿನ ಈಸ್ಟ್ ರೂಮ್, ಅಲ್ಲಿ ಹಗ್ಗ ಕಟ್ಟಿ ಒಗೆದ ಬಟ್ಟೆ ಒಣಹಾಕಿದಳು.

ಇದನ್ನೆಲ್ಲ ಬರೆದು ಮಗಳಿಗೆ ಒಂದು ಕಿವಿಮಾತು: ಇದು ನಿನ್ನಲ್ಲೇ ಇರಲಿ, ಮನೆ ಹೇಗಿದೆ ಅಂತ ಯಾರಾದರೂ ಕೇಳಿದರೆ ಜಾಗ ಸುಂದರವಾಗಿದೆ ಅಂತ ಅಮ್ಮ ಬರೆದಿದ್ದಾಳೆ ಅನ್ನು, ಅದು ನಿಜವೇ ತಾನೆ. ಗಾಳಿ ಬೆಳಕು ಅಂದೆನಲ್ಲ ನಾನು, ಅದೇ ಇದು.

ಕಾಗದ ಬರೆಯಲು ಕೂತಿರುವಾಗಲೇ ಕೆಳಗಿನಿಂದ ಕರೆ ಬಂತು. ಮೌಂಟ್ ವರ್ನನ್‌ನಿಂದ, ಅಂದರೆ ವಾಷಿಂಗ್ಟನ್‌ನ ಎಸ್ಟೇಟಿನಿಂದ, ಒಬ್ಬ ಆಳು ಜಿಂಕೆಯ ತೊಡೆಮಾಂಸ ಹಿಡಿದು ಬಂದಿದ್ದಾನೆ. ಜೊತೆಗೆ ಶುಭಾಶಯದ ಕಾಗದ, ವಿಧವೆ ಮಾರ್ಥಾ ವಾಷಿಂಗ್ಟನ್‌ಳ ಪ್ರೀತಿಯ ನೆನಪು, ನಮ್ಮಲ್ಲಿಗೂ ಬಾ ಅನ್ನುವ ಆಹ್ವಾನ. ಒಂದು ಥರದಲ್ಲಿ ಶ್ವೇತಭವನದ ಗೃಹಪ್ರವೇಶಕ್ಕೆ ಬಂದ ಉಡುಗೊರೆ ಅದು.

ಇಲ್ಲಿಯವರೆಗೆ ಓದಿದರೆ ತಮಾಷೆಯ ಕಥೆ. ನಾನೂ ಮೊದಲು ಹಾಗೇ ಓದಿದ್ದೆ. ಆಮೇಲೆ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ.

ನ್ಯಾಬಿಗೆ ಕಾಗದ ಬರೆದು ಒಂದು ವಾರಕ್ಕೆ, ನವೆಂಬರ್ 28ರಂದು, ಅಬಿಗೇಲ್ ಊರಿನ ಬಂಧುವೊಬ್ಬರಿಗೆ ಇನ್ನೊಂದು ಕಾಗದ ಬರೆದಳು. ಕಿಟಕಿಯಿಂದ ಕಾಣುವುದನ್ನು ಅದರಲ್ಲಿ ಹೇಳುತ್ತಾಳೆ. ಮನೆ ಮುಂದಿನ ಮಣ್ಣು ಕಸ ಗಾಡಿಗೆ ತುಂಬುತ್ತಿರುವ ಹನ್ನೆರಡು ಗುಲಾಮರು, ಅರೆಹೊಟ್ಟೆ, ಮೈಮೇಲೆ ಚಿಂದಿ. ಯಜಮಾನರಾದವರು ಸುಮ್ಮನೆ ಓಡಾಡಿಕೊಂಡಿದ್ದಾರೆ. ನಮ್ಮ ಕಡೆಯ ಇಬ್ಬರು ಗಟ್ಟಿ ಆಳುಗಳು ಈ ಹನ್ನೆರಡು ಜನರ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ ಅಂತಲೂ ಸೇರಿಸುತ್ತಾಳೆ. ಈ ಕೊನೆಯ ಮಾತು ನನಗೆ ಚುಚ್ಚಿತು. ಆಡಮ್ಸ್ ದಂಪತಿ ಗುಲಾಮರನ್ನು ಇಟ್ಟುಕೊಂಡವರಲ್ಲ, ಅವಳಿಗೆ ಆ ಪದ್ಧತಿ ಅಂದರೆ ಆಗುತ್ತಿರಲಿಲ್ಲ, ಎಲ್ಲ ನಿಜ. ಆದರೂ ಅರೆಹೊಟ್ಟೆಯ ಮನುಷ್ಯನನ್ನು ನೋಡಿ ಎಷ್ಟು ಕೆಲಸ ಮಾಡುತ್ತಾನೆ ಅಂತ ಲೆಕ್ಕ ಹಾಕಿದ್ದಾಳಲ್ಲ! ಮನೆಯ ಗೋಡೆಯೂ ಅಂಥ ಕೈಗಳೇ ಎತ್ತಿದ್ದು. ಯುರೋಪಿನಿಂದ ಬಂದ ಕಲ್ಲುಕುಟಿಗರ ಜೊತೆಗೆ, ಮಾಲೀಕರಿಂದ ಬಾಡಿಗೆಗೆ ಪಡೆದ ಗುಲಾಮರು ಕಲ್ಲು ಕಡಿದರು, ಇಟ್ಟಿಗೆ ಸುಟ್ಟರು, ಮರ ಕೊಯ್ದರು. ಬಾಡಿಗೆ ಹಣ ಮಾಲೀಕರಿಗೆ. 1795ರ ಬಡಗಿಗಳ ಸಂಬಳದ ಪಟ್ಟಿಯಲ್ಲಿ ಪೀಟರ್, ಬೆನ್, ಹ್ಯಾರಿ ಅಂತ ಬರೀ ಮೊದಲ ಹೆಸರುಗಳಿವೆ. ಅವರ ಮಾಲೀಕ ಯಾರು ಗೊತ್ತೇ? ನಕ್ಷೆ ಬರೆದ ಹೋಬನ್ನೇ. 2016ರ ಜುಲೈನಲ್ಲಿ ಮಿಶೆಲ್ ಒಬಾಮಾ, ನಾನು ದಿನಾ ಬೆಳಿಗ್ಗೆ ಏಳುವುದು ಗುಲಾಮರು ಕಟ್ಟಿದ ಮನೆಯಲ್ಲಿ ಅಂದಾಗ ಎಷ್ಟೋ ಜನ ಹುಬ್ಬೇರಿಸಿದ್ದರು. ಅಬಿಗೇಲ್‌ಗೆ ಅದು ಕಿಟಕಿಯಾಚೆಯ ದಿನನಿತ್ಯದ ನೋಟವಾಗಿತ್ತು.

ಆ ಕಾಗದ ಬರೆದ ಎರಡೇ ದಿನಕ್ಕೆ, ನವೆಂಬರ್ 30ರಂದು, ನ್ಯೂಯಾರ್ಕಿನಲ್ಲಿ ಅವಳ ಮಗ ಚಾರ್ಲ್ಸ್ ತೀರಿಕೊಂಡ. ಮೂವತ್ತು ವರ್ಷ. ಕುಡಿತ. ಅಪ್ಪ ಹಿಂದಿನ ವರ್ಷವೇ ಅವನು ನನಗೆ ಮಗನೇ ಅಲ್ಲ ಅಂದುಬಿಟ್ಟಿದ್ದ. ಅಮ್ಮ ಮಾತ್ರ ಹೊಸ ಮನೆಗೆ ಬರುವ ದಾರಿಯಲ್ಲಿ ಮಗನನ್ನು ನೋಡಿ, ಇನ್ನು ಉಳಿಯುವುದಿಲ್ಲ ಅಂತ ಗೊತ್ತಾಗಿ, ಅವನ ನಾಲ್ಕು ವರ್ಷದ ಮಗಳು ಸುಸಾನಾಳನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು. ಅಂದರೆ ದರ್ಬಾರಿನ ಕೋಣೆಯಲ್ಲಿ ಒಣಗುತ್ತಿದ್ದ ಬಟ್ಟೆಯಲ್ಲಿ ಆ ಮಗುವಿನದೂ ಇದ್ದಿರಬೇಕು.

ಡಿಸೆಂಬರ್ ಮಧ್ಯದ ಹೊತ್ತಿಗೆ ಇನ್ನೊಂದು ಸುದ್ದಿಯೂ ಖಚಿತವಾಯಿತು, ಜಾನ್ ಆಡಮ್ಸ್ ಚುನಾವಣೆ ಸೋತಿದ್ದ. ಥಾಮಸ್ ಜೆಫರ್ಸನ್, ಆರನ್ ಬರ್ ಇಬ್ಬರಿಗೂ ತಲಾ 73 ಮತ, ಆಡಮ್ಸ್‌ಗೆ 65. ಮಾರ್ಚ್ 4ಕ್ಕೆ ಮನೆ ಖಾಲಿ ಮಾಡಬೇಕು. ಬಂದು ಒಂದು ತಿಂಗಳೂ ಸರಿಯಾಗಿ ಆಗಿರಲಿಲ್ಲ. ಗೋಡೆಯೇ ಇನ್ನೂ ಒಣಗಿಲ್ಲ, ಆಗಲೇ ಪೆಟ್ಟಿಗೆ ಕಟ್ಟುವ ಯೋಚನೆ.

ನಮ್ಮಲ್ಲಾದರೆ ಸಾವಾದ ಮನೆಯಲ್ಲಿ ವರ್ಷವಿಡೀ ಹಬ್ಬವಿಲ್ಲ. ಒಬ್ಬಟ್ಟು ತಟ್ಟುವ ಹಾಗಿಲ್ಲ, ಅಕ್ಕಪಕ್ಕದವರೇ ಏನಾದರೂ ತಂದುಕೊಟ್ಟರೆ ಉಂಟು. ನನಗೆ ಮೊದಲೆಲ್ಲ ಅದು ಕಠಿಣ ನಿಯಮ ಅನ್ನಿಸುತ್ತಿತ್ತು. ಈಗ ಯೋಚಿಸಿದರೆ ಅದು ದುಃಖದಲ್ಲಿರುವವರಿಗೆ ಕೊಟ್ಟ ರಜೆಯೂ ಹೌದೇನೋ, ನಗುಮುಖ ಹೊತ್ತು ಬಡಿಸುವ ಕೆಲಸದಿಂದ ಬಿಡುವು. ಅಬಿಗೇಲ್‌ಗೆ ಆ ಬಿಡುವು ಸಿಗಲಿಲ್ಲ. ಹೊಸ ವರ್ಷದ ದಿನ ಅಧ್ಯಕ್ಷನ ಮನೆಗೆ ಜನ ಬಂದು ಶುಭಾಶಯ ಹೇಳುವುದು ವಾಷಿಂಗ್ಟನ್ ಕಾಲದಿಂದ ನಡೆದುಬಂದ ರೂಢಿ. ಮಗ ಸತ್ತು ಒಂದು ತಿಂಗಳಿಗೆ, 1801ರ ಜನವರಿ 1ರಂದು, ಮಹಡಿಯ ಆ ಕಡುಗೆಂಪು ಕೋಣೆಯಲ್ಲಿ ಗಂಡ ಹೆಂಡತಿ ನಿಂತು ಬಂದವರನ್ನು ಬರಮಾಡಿಕೊಂಡರು. ಕೈ ಕುಲುಕುವುದಿಲ್ಲ, ತಲೆಬಾಗಿ ವಂದನೆ ಅಷ್ಟೆ. ಮರೀನ್ ಬ್ಯಾಂಡಿನವರು ಆ ಮನೆಯಲ್ಲಿ ಮೊದಲ ಬಾರಿ ನುಡಿಸಿದ್ದೂ ಅವತ್ತೇ. ಶ್ವೇತಭವನದ ಮೊದಲ ಹಬ್ಬದ ಸತ್ಕಾರ ಅದು. ಬಂದವರಿಗೂ ಗೊತ್ತು ಇವರು ಸೋತವರು ಅಂತ, ಇವರಿಗೂ ಗೊತ್ತು.

ಅದೇ ದಿನ, ಅಲ್ಲಿಂದ ಹದಿನೈದು ಮೈಲಿ ದೂರದ ಮೌಂಟ್ ವರ್ನನ್‌ನಲ್ಲಿ ಏನಾಯಿತು ನೋಡಿ. ವಾಷಿಂಗ್ಟನ್ ತನ್ನ ಉಯಿಲಿನಲ್ಲಿ ತನ್ನ ಹೆಸರಿನಲ್ಲಿದ್ದ 123 ಗುಲಾಮರಿಗೆ ಬಿಡುಗಡೆ ಬರೆದಿದ್ದ. ವಿಲಿಯಂ ಲೀ ಎಂಬಾತನಿಗೆ ಕೂಡಲೇ, ಉಳಿದವರಿಗೆ ಹೆಂಡತಿ ಕಾಲವಾದ ಮೇಲೆ. ಅಂದರೆ ತಾನು ಯಾವಾಗ ಸಾಯುತ್ತೇನೋ ಅಂತ ನೂರಕ್ಕೂ ಹೆಚ್ಚು ಜನ ಕಾಯುತ್ತಿರುವ ಮನೆಯಲ್ಲಿ ಮಾರ್ಥಾ ಒಬ್ಬಳೇ ಇರಬೇಕು! ಡಿಸೆಂಬರಿನಲ್ಲಿ ಅಬಿಗೇಲ್ ಅಲ್ಲಿಗೆ ಹೋಗಿ ಬಂದಳು. ಜೀವಕ್ಕೆ ಭದ್ರತೆ ಇಲ್ಲವೆಂದು ಮಾರ್ಥಾಳಿಗೆ ಅನ್ನಿಸುತ್ತಿದೆ, ಅದಕ್ಕೇ ವರ್ಷದ ಕೊನೆಗೇ ಅವರನ್ನು ಬಿಡುತ್ತಿದ್ದಾಳೆ ಅಂತ ಅಕ್ಕನಿಗೆ ಬರೆದಳು. ಆ ಬಿಡುಗಡೆ ಜಾರಿಗೆ ಬಂದದ್ದು 1801ರ ಜನವರಿ 1ಕ್ಕೆ. ಎಲ್ಲರಿಗೂ ಅಲ್ಲ. ಮಾರ್ಥಾಳ ಮೊದಲ ಗಂಡನ ಆಸ್ತಿಯಿಂದ ಬಂದ ನೂರೈವತ್ತಕ್ಕೂ ಹೆಚ್ಚು ಜನ ಗುಲಾಮರಾಗಿಯೇ ಉಳಿದರು. ಎರಡೂ ಕಡೆಯವರ ನಡುವೆ ಮದುವೆಗಳಾಗಿದ್ದವು, ಮಕ್ಕಳಿದ್ದವು. ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ಇಲ್ಲ. ನವೆಂಬರಿನಲ್ಲಿ ಜಿಂಕೆಮಾಂಸ ಹೊತ್ತು ಬಂದವನು ಯಾವ ಪಟ್ಟಿಯಲ್ಲಿದ್ದನೋ ಅನ್ನುವ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಮುಂದಿನದು ಬೇಗ ಹೇಳುತ್ತೇನೆ. ಜನವರಿಯಲ್ಲಿ ಜೆಫರ್ಸನ್‌ನನ್ನೂ ಊಟಕ್ಕೆ ಕರೆದರು. ಹಳೇ ಸ್ನೇಹಿತ, ಪ್ಯಾರಿಸ್ಸಿನಲ್ಲಿ ಒಟ್ಟಿಗೆ ಓಡಾಡಿದವರು, ಈಗ ಸೋಲಿಸಿದವನು. ಫೆಬ್ರವರಿಯಲ್ಲಿ ಅವಳು ಊರಿಗೆ ಹೊರಡುವ ಮುನ್ನ ಅವನೂ ಬಂದು ಪ್ರಯಾಣಕ್ಕೆ ಶುಭ ಕೋರಿದ. ಮಾರ್ಚ್ 4ರ ಬೆಳಗಿನ ಜಾವ ನಾಲ್ಕು ಗಂಟೆಗೆ, ಹೊಸಬನ ಪ್ರಮಾಣವಚನಕ್ಕೂ ನಿಲ್ಲದೆ ಜಾನ್ ಆಡಮ್ಸ್ ಹೊರಟುಹೋದ. ಜೆಫರ್ಸನ್ ಬಂದವನೇ ತಲೆಬಾಗುವ ಪದ್ಧತಿ ಬಿಟ್ಟು ಕೈ ಕುಲುಕಲು ಶುರುಮಾಡಿದ. ಬಟ್ಟೆ ಒಣಗುತ್ತಿದ್ದ ಕೋಣೆಯ ಒಂದು ಬದಿಗೆ ಅಡ್ಡಪರದೆ ಕಟ್ಟಿಸಿ ತನ್ನ ಕಾರ್ಯದರ್ಶಿ ಮೆರಿವೆದರ್ ಲೂಯಿಸ್‌ನನ್ನು ಇರಿಸಿದ. ಹೊಸ ವರ್ಷದ ಸತ್ಕಾರ 1932ರವರೆಗೂ ನಡೆದುಕೊಂಡು ಬಂತು. ಆ ವರ್ಷ ಹರ್ಬರ್ಟ್ ಹೂವರ್ ಸಾವಿರಾರು ಜನರ ಕೈ ಕುಲುಕಿದ್ದೇ ಕೊನೆ.

ಆ ದೊಡ್ಡ ಕೋಣೆಯ ಅಲಂಕಾರ ಮುಗಿದದ್ದು 1829ರಲ್ಲಿ, ಆಂಡ್ರ್ಯೂ ಜಾಕ್ಸನ್ ಬಂದ ಮೇಲೆ. ಅಬಿಗೇಲ್ ಸತ್ತು ಹನ್ನೊಂದು ವರ್ಷ ಆಗಿತ್ತು.

ನಮ್ಮ ಗ್ರಿಲ್‌ನವನು ಸೋಮವಾರ ಖಂಡಿತ ಬರುತ್ತಾನಂತೆ. ಅತ್ತೆ ಬುಧವಾರ ಬರುತ್ತಾರೆ.