ಬೆಳ್ಳೂರಿನ ಬಡಕಲು ಹುಡುಗ, ನಮ್ಮನೆ ಚಪ್ಪಲಿ

ಸೊಂಟ ನೋವು ಅಂದ್ರೆ ವಯಸ್ಸಾಯ್ತು ಅಂತ ಸುಮ್ನಾಗ್ತೀವಿ, ಅಲ್ವಾ? ನಾನೂ ಹಂಗೇ ಇದ್ದೆ. ಸೊಸೆ ಮಂಚದ ಮೇಲೆ ಬಗ್ಗಿ ಕೂತು ಲ್ಯಾಪ್‌ಟಾಪ್ ನೋಡುವಾಗೆಲ್ಲ "ನೆಟ್ಟಗೆ ಕೂತ್ಕೊಳ್ಳಮ್ಮ, ಕತ್ತು ಹಿಡ್ಕೊಂಡಾತು" ಅಂತ ನಾನೇ ಗದರ್ತಿದ್ದೆ. ಒಂದಿನ ಅವಳು ನನ್ನ ಚಪ್ಪಲಿ ತೋರಿಸಿ, "ನೋಡಿ ಅತ್ತೆ, ಎಡಗಾಲಿಂದು ಮಾತ್ರ ಸವೆದೈತೆ" ಅಂದ್ಲು. ಹೌದು, ಸಿಂಕ್ ಮುಂದೆ ನಾನು ನಿಲ್ಲೋದೇ ಎಡಗಾಲ ಮೇಲೆ ಭಾರ ಹಾಕಿ. ಚಪ್ಪಲಿ ಸವೆದ ರೀತಿ ನೋಡಿದ್ರೆ ನಿಲ್ಲೋ ರೀತಿ ಗೊತ್ತಾಗ್ತದೆ ಅಂತ ಬಿ.ಕೆ.ಎಸ್. ಅಯ್ಯಂಗಾರ್ರು ತಮ್ಮ ಪುಸ್ತಕದಲ್ಲಿ ಬರೆದವ್ರಂತೆ.

ಅವರು ನಮ್ಮ ಕಡೆಯವರೇ ಕಣ್ರೇ. ವೈಟ್‌ಫೀಲ್ಡಿಂದ ಹೊಸಕೋಟೆಗೆ ಹೋಗಿ ಕೋಲಾರದ ರಸ್ತೆ ಹಿಡಿದ್ರೆ ನರಸಾಪುರ, ಅದರ ಹತ್ರಾನೇ ಬೆಳ್ಳೂರು. 1918ರ ಡಿಸೆಂಬರ್ 14ರಂದು ಅಲ್ಲಿ ಹುಟ್ಟಿದ್ರು. ದೇಶಕ್ಕೆಲ್ಲ ಇನ್‌ಫ್ಲುಯೆಂಜಾ ಬಡಿದಿದ್ದ ಕಾಲ. ಬಸುರಿ ತಾಯಿ ಶೇಷಮ್ಮನಿಗೂ ಆ ಜ್ವರ ಬಂದಿತ್ತು. ಹದಿಮೂರು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಕಂಡ ಮೈ. ಕಡ್ಡಿ ಕೈಕಾಲು, ಮುಂದಕ್ಕೆ ಜೋತ ತಲೆ. ಒಂಬತ್ತು ವರ್ಷಕ್ಕೆ ಮೇಷ್ಟರಾಗಿದ್ದ ತಂದೆಯೂ ಹೋದ್ರು.

1934ರಲ್ಲಿ ಮೈಸೂರಲ್ಲಿದ್ದ ಅಕ್ಕನ ಮನೆ ಸೇರಿದ್ರು. ಭಾವ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೇಲಿ ಯೋಗಶಾಲೆ ನಡೆಸ್ತಿದ್ರು. ಶುರುವಿನಲ್ಲಿ ಬಗ್ಗಿದ್ರೆ ಕೈ ಮೊಣಕಾಲು ದಾಟ್ತಿರ್ಲಿಲ್ಲ ಅಂತ ಅಯ್ಯಂಗಾರ್ರೇ ಹೇಳ್ಕೊಂಡವ್ರೆ. ಅಂಥೋರು 1937ರಲ್ಲಿ ಪುಣೆಗೆ ಹೋಗಿ ತಾವೇ ಯೋಗ ಕಲಿಸೋಕೆ ನಿಂತ್ರು. 1952ರಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಇವರ ಹತ್ರ ಕಲಿಯೋಕೆ ಶುರು ಮಾಡಿದ್ರು, ಆಮೇಲೆ ವಿದೇಶಕ್ಕೂ ಇವರ ಹೆಸರು ಹಬ್ತು.

ನನಗೆ ಬಲು ಹಿಡಿಸಿದ್ದು ಬೇರೇನೇ. ಬಗ್ಗೋಕಾಗದ ಕಷ್ಟ ಗೊತ್ತಿದ್ದೋರಲ್ವಾ, ಆಗದವರಿಗೆ ಇಟ್ಟಿಗೆ, ಹಗ್ಗ, ಕಂಬಳಿ, ಕುರ್ಚಿ ಕೊಟ್ಟು ಆಸನ ಕಲಿಸಿದ್ರು. ಕೈ ನೆಲ ಮುಟ್ಲಿಲ್ವಾ, ಕೈಕೆಳಗೆ ಇಟ್ಟಿಗೆ ಇಡು, ಅಷ್ಟೇ. 1966ರಲ್ಲಿ ಬಂದ 'ಲೈಟ್ ಆನ್ ಯೋಗ'ದಲ್ಲಿ ಮೊದಲನೇ ಆಸನ ತಾಡಾಸನ, ಅಂದ್ರೆ ಬರೀ ನೆಟ್ಟಗೆ ನಿಲ್ಲೋದು! ಎರಡೂ ಪಾದ ಜೋಡಿಸಿ, ಹಿಮ್ಮಡಿಗೂ ಮುಂಗಾಲಿಗೂ ಭಾರ ಸಮ ಮಾಡಿ, ಮೊಣಕಾಲ ಚಿಪ್ಪು ಮೇಲಕ್ಕೆಳೆದು, ಎದೆ ತೆರೆದು, ಕತ್ತು ನೇರ.

ನಮ್ಮಜ್ಜಿ ಕಾಲದಲ್ಲಿ ಕೂತು ರಾಗಿ ಬೀಸೋರು, ಎದ್ದು ನೀರು ಸೇದೋರು, ಮತ್ತೆ ಒಲೆ ಮುಂದೆ ಕೂರೋರು. ಅವರಿಗೂ ಮೈಕೈ ನೋವಿತ್ತು, ಇಲ್ಲ ಅನ್ನಲ್ಲ. ಆದ್ರೆ ಮೈ ಒಂದೇ ಕಡೆ ಗೂಟ ಹೊಡ್ಕೊಂಡು ಇರ್ತಿರ್ಲಿಲ್ಲ. ಈಗ ನಾನು ಕಟ್ಟೆ ಮುಂದೆ ನಿಂತಲ್ಲೇ, ಸೊಸೆ ಕೂತಲ್ಲೇ. ನೆಟ್ಟಗಿದ್ರೂ ಗಂಟೆಗಟ್ಟಲೆ ಅಲ್ಲಾಡದಿದ್ರೆ ಮೈ ಮರ ಆಗ್ತದೆ.

ಈಗ ಕುಕ್ಕರ್ ಕೂಗೋವರೆಗೂ ನಾನು ತಾಡಾಸನ. ಅರ್ಧ ಗಂಟೆಗೊಂದ್ಸಲ "ಏಳಮ್ಮ" ಅಂತ ಕೂಗ್ತೀನಿ, ಅವಳೂ ಎದ್ದು ಬಂದು ಎರಡು ಪಾತ್ರೆ ಒರೆಸಿ ಹೋಗ್ತಾಳೆ. ನೋವು ಪೂರ್ತಿ ಹೋಗಿಲ್ಲ, ಬೆಳಿಗ್ಗೆ ಏಳೋವಾಗ "ಅಮ್ಮಾ" ಅನ್ನೋದು ಕಮ್ಮಿಯಾಗೈತೆ. ಕಾಲಿಗೆ ಜೋಮು ಇಳಿದ್ರೆ, ಶಕ್ತಿ ಕಮ್ಮಿಯಾದ್ರೆ ಮಾತ್ರ ಆಸನ ಅಂತ ಕೂರಬ್ಯಾಡಿ, ಡಾಕ್ಟ್ರ ಹತ್ರ ಹೋಗಿ.

ಅಯ್ಯಂಗಾರ್ರು 2014ರಲ್ಲಿ ತೀರ್ಕೊಂಡಾಗ ವಯಸ್ಸು 95. ಉಳಿಯೋದೇ ಅನುಮಾನ ಅಂದಿದ್ದ ಮಗು! ಇವತ್ತು ನೀವೂ ಒಂದ್ಸಲ ನಿಮ್ಮ ಚಪ್ಪಲಿ ತಿರುಗಿಸಿ ನೋಡಿ.