ನೀರೊಳಗಿನ ಎರಡನೆಯ ಉಸಿರು

ಕೆರೆಯಲ್ಲಿ ಮುಳುಗು ಹಾಕಿದ ಹುಡುಗನು ಎಷ್ಟು ಹೊತ್ತು ಉಸಿರು ಕಟ್ಟಿಯಾನು? ಹೆಚ್ಚೆಂದರೆ ಒಂದೆರಡು ನಿಮಿಷ. ಆಮೇಲೆ ಮೇಲಕ್ಕೆ ಬಾರದೆ ಗತಿಯಿಲ್ಲ. ಗಾಳಿಯನ್ನು ಬೆನ್ನ ಮೇಲೆ ಹೊತ್ತೊಯ್ದರಾಗದೆ ಎಂದರೆ, ಹೊರುವುದು ಅಂಥ ಕಷ್ಟವಲ್ಲ. ಬೇಕಾದಾಗ ಬೇಕಾದಷ್ಟನ್ನೇ ಪಡೆಯುವುದು ಕಷ್ಟ. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ, ಮೂವತ್ತು ಮೀಟರಿಗೆ ನಾಲ್ಮಡಿ. ಉಸಿರಿನ ಗಾಳಿಯೂ ಅದೇ ಒತ್ತಡದಲ್ಲಿ ಬಾರದಿದ್ದರೆ ಎದೆ ಅರಳದು.

ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಫ್ರಾನ್ಸಿನ ಗಣಿ ಇಂಜಿನಿಯರು ಬೆನ್ವಾ ರೂಕೆರೋಲನು ಮೊದಲಿಗರಲ್ಲೊಬ್ಬ. ವಿಷಗಾಳಿ ತುಂಬಿದ ಗಣಿಗಳಲ್ಲಿ ಜೀವ ಉಳಿಸಲೆಂದು, ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಕವಾಟವೊಂದನ್ನು 1860ರಲ್ಲಿ ಆತನು ರಚಿಸಿದನು. ನೌಕಾಧಿಕಾರಿ ಒಗುಸ್ತ್ ದೆನೇರೂಜನ ಜೊತೆಗೂಡಿ 1864ರ ವೇಳೆಗೆ ಅದು ನೀರಿಗೂ ಇಳಿಯಿತು.

ಮುಂದಿನ ದೊಡ್ಡ ಹೆಜ್ಜೆ ಎರಡನೆಯ ಮಹಾಯುದ್ಧದ ನಡುವೆ. ಪೆಟ್ರೋಲಿಗೆ ಬರ ಬಿದ್ದಿದ್ದ ಪ್ಯಾರಿಸ್ಸಿನಲ್ಲಿ ಎಮೀಲ್ ಗಾನ್ಯಾನನು ಮೋಟಾರುಗಳನ್ನು ಗ್ಯಾಸಿನಿಂದ ಓಡಿಸುವ ಕವಾಟದಲ್ಲಿ ತೊಡಗಿದ್ದನು. ನೌಕಾದಳದ ಜಾಕ್ ಕೂಸ್ತೊ ಅದನ್ನೇ ಉಸಿರಾಟಕ್ಕೆ ಬೇಡಿದನು. 1943ರಲ್ಲಿ ಮಾರ್ನ್ ನದಿಯ ಮೊದಲ ಪರೀಕ್ಷೆಯಲ್ಲಿ, ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರಿತು. ತಲೆಕೆಳಗಾದರೆ ಉಸಿರೇ ಸಿಗಲಿಲ್ಲ. ಗಾಳಿ ಬರುವ ಬಾಯನ್ನೂ ಹೋಗುವ ಬಾಯನ್ನೂ ಒಂದೇ ಮಟ್ಟದಲ್ಲಿರಿಸಿದ ಮೇಲೆ ದೋಷ ನೀಗಿತು.

ಆದರೆ ಬಾಯಿಗೆ ಇದ್ದುದು ಒಂದೇ ರೆಗ್ಯುಲೇಟರು. ಅದು ಕೈಕೊಟ್ಟರೆ? ಜೊತೆಗಾರನದನ್ನೇ ಸರದಿಯಂತೆ ಬಾಯಿಗಿಟ್ಟು, ಎರಡೆರಡು ಉಸಿರೆಳೆದು ಮೇಲೇರಬೇಕು. ಈಜುಕೊಳದ ಅಭ್ಯಾಸದಲ್ಲಿ ಇದು ಸಲೀಸು. ಉಸಿರು ಕಟ್ಟಿ ಗಾಬರಿಗೊಂಡವನಾದರೋ ಸಿಕ್ಕಿದ್ದನ್ನು ಹಿಂದಿರುಗಿಸಿಯಾನೆ? ಕೆಲವೊಮ್ಮೆ ಒಬ್ಬನ ಕಷ್ಟ ಇಬ್ಬರಿಗೂ ಕುತ್ತಾಗುತ್ತಿತ್ತು.

ಮೆಲ್ಬರ್ನಿನ ಟೆಡ್ ಎಲ್‌ಡ್ರೆಡ್ 1952ರಲ್ಲಿ ಮಾರಾಟಕ್ಕೆ ತಂದ ಸಲಕರಣೆ ಇದಕ್ಕೆ ದಾರಿ ತೆರೆಯಿತು. ಒತ್ತಡ ತಗ್ಗಿಸುವ ಮೊದಲ ಭಾಗ ಸಿಲಿಂಡರಿನ ಮೇಲೆ, ಎರಡನೆಯದು ಬಾಯಲ್ಲಿ, ನಡುವೆ ಒಂದೇ ಕೊಳವೆ. ಹಾಗಿದ್ದ ಮೇಲೆ ಮೊದಲ ಭಾಗಕ್ಕೆ ಇನ್ನೊಂದು ಕೊಳವೆ ಜೋಡಿಸಲು ಅಡ್ಡಿಯೇನು? 1960ರ ದಶಕದಲ್ಲಿ ಹಾಗೆಯೇ ಆಯಿತು. ಕೈಕಾಲು ಚಾಚಿದಂತಿದ್ದ ಕೊಳವೆಗಳನ್ನು ಕಂಡು ಅದಕ್ಕೆ ‘ಆಕ್ಟೋಪಸ್’ ಎಂದೇ ಹೆಸರಿಟ್ಟರು.

ಇದಕ್ಕೂ ಮಿತಿಯುಂಟು. ಮೊದಲ ಭಾಗವೇ ಕೆಟ್ಟರೆ, ಇಲ್ಲವೆ ಸಿಲಿಂಡರು ಬರಿದಾದರೆ, ಎರಡು ಬಾಯಿದ್ದೂ ಪ್ರಯೋಜನವಿಲ್ಲ. ತಲೆಯ ಮೇಲೆ ಬಂಡೆಯಿರುವ ಜಲಗುಹೆಗಳಿಗೆ ಇಳಿಯುವವರು ಆದುದರಿಂದಲೇ ಎರಡು ಪೂರ್ಣ ರೆಗ್ಯುಲೇಟರುಗಳನ್ನು ಬಳಸತೊಡಗಿದರು. ಅಮೆರಿಕದ ಷೆಕ್ ಎಕ್ಸ್‌ಲಿ 1979ರಲ್ಲಿ ಪ್ರಕಟಿಸಿದ ಕೈಪಿಡಿಯು, ಗಾಳಿಯಲ್ಲಿ ಮೂರನೆಯ ಒಂದು ಪಾಲು ಮುಗಿಯುತ್ತಲೇ ಹಿಂದಿರುಗಬೇಕೆಂಬ ನಿಯಮವನ್ನು ಸಾರಿತು. ಹೋಗಲು ಒಂದು, ಬರಲು ಒಂದು, ಉಳಿದ ಪಾಲು ಆಪತ್ತಿಗೆ.

ಇಂದು ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲೂ ಹವ್ಯಾಸಿಗಳು ಮುಳುಗುತ್ತಾರೆ. ‘ಎಂದೋ ಬೇಕಾಗುವುದಲ್ಲವೇ’ ಎಂದು ಎರಡನೆಯದನ್ನು ಅಗ್ಗದಲ್ಲಿ ಆರಿಸುವವರುಂಟು. ಅದು ತಪ್ಪು ಲೆಕ್ಕ. ಅದನ್ನು ಕಚ್ಚುವವನು ಗಾಬರಿಯಲ್ಲಿ ಜೋರಾಗಿ ಉಸಿರೆಳೆಯುವವನು. ಆಗ ಒಂದೇ ಮೊದಲ ಭಾಗವು ಇಬ್ಬರಿಗೂ ಸಾಕಷ್ಟು ಗಾಳಿ ಒದಗಿಸಬೇಕು. ಕೊಳವೆ ಉದ್ದವಿರಲಿ, ಬಣ್ಣ ಕಣ್ಣಿಗೆ ಹೊಡೆಯುವ ಹಳದಿಯಿರಲಿ. ಮರಳಲ್ಲಿ ಎಳೆದಾಡದೆ ಎದೆಯ ಬಳಿ ಸಿಕ್ಕಿಸಿರಲಿ. ಪ್ರತಿಸಲವೂ ಇಳಿಯುವ ಮುನ್ನ ಅದರಿಂದಲೂ ನಾಲ್ಕು ಉಸಿರೆಳೆದು ನೋಡಬೇಕು. ನಮಗೆಂದು ಹೊತ್ತದ್ದಾದರೂ ಅದು ಬಹುಮಟ್ಟಿಗೆ ಜೊತೆಯವನ ಉಸಿರು.